ಸಂಜೆ ಐದೂವರೆಯ ನಂತರ: ಊರೂರು ತಿರುಗುವ ಟ್ರೇನರ್‌ಗೆ ಒಂದು ಕೈಪಿಡಿ

ಹೋದ ತಿಂಗಳು ಪುಣೆ ಬಳಿಯ ಚಾಕಣದ ಹೋಟೆಲೊಂದರಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ವಿಜಯಪುರದ ಕಡೆಯವಳು, ಕಾರ್ಪೊರೇಟ್ ಟ್ರೇನರ್ ಕೆಲಸಕ್ಕೆ ಇಳಿದು ಇನ್ನೂ ನಾಲ್ಕು ತಿಂಗಳು. “ಅಕ್ಕಾ, ಸೆಷನ್ ಭಾಳ ಛಲೋ ಆತ್ರಿ. ಎಲ್ಲಾರೂ ಕೂಡಿ ಫೋಟೋ ತೆಗಿಸಿಕೊಂಡ್ರು. ರೂಮಿಗೆ ಬಂದು ಬಾಗಲಾ ಹಾಕ್ಕೊಂಡ ಕೂಡ್ಲೆ ಅಳು ಬಂತ್ರಿ. ಯಾಕಂತ ತಿಳೀವಲ್ದು.”

ಗಡಿಯಾರ ನೋಡಿದೆ. ಆರೂ ಇಪ್ಪತ್ತು. “ಬರೋಬ್ಬರಿ ಟೈಮಿಗೇ ಬಂದೈತಿ ಬಿಡು” ಅಂದೆ.

ಅವಳಿಗೆ ನಗು ಬರಲಿಲ್ಲ. ಅವತ್ತು ಹೇಳಿದ್ದು ಅರ್ಧಂಬರ್ಧ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಹದಿನಾಲ್ಕು ವರ್ಷದಿಂದ ಇದೇ ಕಸುಬಿನಲ್ಲಿದ್ದೇನೆ. ತವರು ಧಾರವಾಡ, ಮನೆ ಮುಂಬೈ ಹತ್ತಿರದ ಡೊಂಬಿವಲಿ. ಹೊಸದಾಗಿ ಸೂಪರ್‌ವೈಸರ್ ಆದವರಿಗೆ ಜನರಿಂದ ಕೆಲಸ ಮಾಡಿಸುವುದು ಹೇಗೆ ಅಂತ ಕಲಿಸುತ್ತೇನೆ. ಎರಡು ದಿನದ ಕಾರ್ಯಾಗಾರ, ಮೂವತ್ತು ಜನ, ಯು ಆಕಾರದಲ್ಲಿ ಕುರ್ಚಿ, ಎರಡು ಫ್ಲಿಪ್‌ಚಾರ್ಟ್. ಪುಣೆ ಸುತ್ತಲಿನ ಕಾರ್ಖಾನೆಗಳು, ಗೋವಾದ ವೆರ್ಣಾ, ಮುಂಬೈಯ ಗಾಜಿನ ಕಟ್ಟಡಗಳು. ತಿಂಗಳಿಗೆ ಎಂಟು-ಹತ್ತು ರಾತ್ರಿ ಹೋಟೆಲಿನ ದಿಂಬು.

ಮೊದಲು ವೇಳೆ ಗುರುತಿಸಿ

ಮನೆಯ ನೆನಪು ದಿನವಿಡೀ ಕಾಡುವುದಿಲ್ಲ. ಬೆಳಗ್ಗೆ ಅದಕ್ಕೆ ಪುರುಸೊತ್ತೇ ಇಲ್ಲ. ಪ್ರೊಜೆಕ್ಟರ್‌ಗೂ ನಿಮ್ಮ ಲ್ಯಾಪ್‌ಟಾಪಿಗೂ ಹೊಂದುವುದಿಲ್ಲ, ಎಚ್‌ಆರ್‌ನವರು ಹೇಳಿದ ಮೂವತ್ತು ಜನರಲ್ಲಿ ಹತ್ತೊಂಬತ್ತು ಜನ ಬಂದಿರುತ್ತಾರೆ, ಕಾಲರ್ ಮೈಕಿನ ಸೆಲ್ಲು ಮುಗಿದಿರುತ್ತದೆ. ಊಟವಾದ ಮೇಲಿನ ಹೊತ್ತನ್ನು ನಮ್ಮವರು ಗ್ರೇವ್‌ಯಾರ್ಡ್ ಸ್ಲಾಟ್ ಅನ್ನುತ್ತಾರೆ. ಕಾರ್ಖಾನೆ ಕ್ಯಾಂಟೀನಿನ ಅನ್ನ ಉಂಡು ತೂಕಡಿಸುವವರನ್ನು ಎಚ್ಚರಿಡುವುದರಲ್ಲೇ ಮೂರೂವರೆಯ ಚಹಾ ಬಂದುಬಿಡುತ್ತದೆ. ಐದೂವರೆಗೆ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸಿ, ಫೋಟೋ ಆಗಿ, ಕಂಪನಿ ಬಸ್ಸು ತಪ್ಪೀತೆಂದು ಎಲ್ಲರೂ ಓಡುತ್ತಾರೆ. ಹಾಲಿನಲ್ಲಿ ಉಳಿಯುವುದು ನೀವು ಮತ್ತು ಕಪ್ಪು ಎತ್ತುವ ಹುಡುಗ. ನೀವು ವೈರು ಸುತ್ತುತ್ತಿರುತ್ತೀರಿ, ಗೋಡೆಗೆ ಹಚ್ಚಿದ ಹಳದಿ ಚೀಟಿ ಒಂದೊಂದೇ ಕಳಚಿ ಬೀಳುತ್ತಿರುತ್ತದೆ. ಆಗ ಶುರು.

ಬೆಳಗಿನಿಂದ ಅಷ್ಟೂ ಜನರ ಹೆಸರು, ಊರು, ಕಷ್ಟ ಕೇಳಿದ್ದೀರಿ. ‘ನಿಂದೇನು ಕತಿ’ ಅಂತ ಕೇಳುವವರು ಆ ಊರಲ್ಲಿ ಒಬ್ಬರೂ ಇಲ್ಲ.

ನನ್ನ ಮಟ್ಟಿಗೆ ಈ ಕಾಟ ಎಂಟು ಗಂಟೆಗೆ ಇಳಿಯುತ್ತದೆ. ಊಟ ಹೊಟ್ಟೆಗೆ ಬಿದ್ದು, ನಾಳೆಯ ಸ್ಲೈಡು ತೆರೆದ ಮೇಲೆ ಅದು ಬರೀ ದಣಿವು. ದಣಿವಿಗೆ ನಿದ್ದೆ ಇದೆ. ಹಾಗಾದರೆ ಸಂಭಾಳಿಸಬೇಕಾದದ್ದು ಎರಡೂವರೆ ಗಂಟೆ. ಇಷ್ಟು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ನಾನು ಹಾಲಿನಿಂದ ನೇರ ರೂಮಿಗೆ ಹೋಗಿ, ಎಸಿ ಹಾಕಿ, ಟಿವಿ ಹಚ್ಚಿ, ಪನೀರ್ ತರಿಸಿ, ತುತ್ತಿಗೊಮ್ಮೆ ಫೋನ್ ನೋಡುತ್ತ ಕೂತಿದ್ದೆ. ಹಾಗೆ ಮಾಡಬೇಡಿ. ಚೀಲ ಇಡುವುದಕ್ಕೆ ರೂಮಿಗೆ ಹೋಗಿ, ಮುಖ ತೊಳೆಯಿರಿ, ಚಪ್ಪಲಿ ಬದಲಿಸಿ. ಹಾಸಿಗೆಯ ಮೇಲೆ ಮಾತ್ರ ಕೂರಬೇಡಿ. ಕೂತಿರೋ, ಆ ಸಂಜೆ ಮುಗಿಯಿತು.

ಊರಿಗೊಂದು ಸಂಜೆಯ ಜಾಗ

ಪ್ರತಿ ಊರಲ್ಲೂ ಒಂದೇ ಒಂದು ಜಾಗ ಹಿಡಿಯಿರಿ; ಹೋದಾಗಲೆಲ್ಲ ಅಲ್ಲಿಗೇ ಹೋಗಿ. ನೋಡುವಂಥ ಸ್ಥಳ ಬೇಕಿಲ್ಲ. ಪ್ರವಾಸಿಯ ಹಾಗೆ ಪ್ರತಿ ಸಲ ಹೊಸದು ಹುಡುಕಿದರೆ ಪ್ರತಿ ಸಲವೂ ಪರದೇಶಿಯೇ. ನಾಲ್ಕನೆಯ ಸಲಕ್ಕೆ ಅಲ್ಲಿನ ಮಾಣಿ ನಿಮ್ಮ ಮುಖ ನೋಡಿ ‘ಸಕ್ಕರೆ ಕಡಿಮೆ ಅಲ್ವಾ’ ಅಂದರೆ ಸಾಕು.

ಮುಂಬೈಯಲ್ಲಿ ನನ್ನ ಜಾಗ ಮಾಟುಂಗಾ. ಮುಂಬೈಯಲ್ಲೇ ಕೆಲಸವಿದ್ದರೆ ಮನೆಗೇ ಹೋಗಬಹುದಲ್ಲ ಅನ್ನುತ್ತೀರಿ. ಹೋಗುತ್ತೇನೆ. ಆದರೆ ಸಂಜೆ ಆರರ ಕಲ್ಯಾಣ ಲೋಕಲ್ ಹತ್ತಿದವರು ಡೊಂಬಿವಲಿಯಲ್ಲಿ ಇಳಿಯುವಾಗ ಹಿಂಡಿದ ಬಟ್ಟೆಯಾಗಿರುತ್ತಾರೆ. ಬಾಗಿಲು ತೆರೆದ ಮಗಳ ಮೇಲೆ ರೇಗುವುದಕ್ಕೆ ಕಾರಣವೇ ಬೇಡ. ಅದಕ್ಕೆ ಒಂದು ತಾಸು ಮಾಟುಂಗಾದಲ್ಲಿ ಕಳೆಯುತ್ತೇನೆ. ಅಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ, ನೆನಪಿರಲಿ. ಸ್ಟೇಷನ್ನಿನ ಪಕ್ಕದಲ್ಲೇ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆಎಲೆ ಊಟ. ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಕೆಫೆ ಮದ್ರಾಸ್; ಈಚೆ ಮಾರ್ಕೆಟ್ ಬದಿಗೆ ರಾಮಾಶ್ರಯ. ಭಾನುವಾರ ಬೆಳಗ್ಗೆ ಅಲ್ಲಿ ಸರತಿ ನಿಲ್ಲುವ ತಾಳ್ಮೆ ನನಗಿಲ್ಲ, ಕೆಲಸದ ದಿನದ ಸಂಜೆಯೇ ವಾಸಿ. ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮಾಲೆ, ಬಾಳೆಎಲೆ, ಆಗತಾನೇ ಬೀಸಿದ ಕಾಫಿಪುಡಿ. ಮೈಸೂರು ಅಸೋಸಿಯೇಷನ್ ಕೂಡ ಅಲ್ಲೇ, 1926ರಿಂದ ಇದೆ. ಒಮ್ಮೊಮ್ಮೆ ನಾಟಕವೋ ಉಪನ್ಯಾಸವೋ ನಡೆಯುತ್ತಿರುತ್ತದೆ, ಹಿಂದಿನ ಸಾಲಿನಲ್ಲಿ ಅರ್ಧ ತಾಸು ಕೂತು ಎದ್ದುಬರಬಹುದು.

ನಿಜ ಹೇಳಬೇಕೆಂದರೆ ನಾನು ಇಡ್ಲಿ-ಸಾಂಬಾರು ತಿಂದು ಬೆಳೆದವಳಲ್ಲ. ಅಲ್ಲಿ ಕಿವಿಗೆ ಬೀಳುವ ತುಳು, ತಮಿಳು, ಕುಂದಾಪುರ ಕಡೆಯ ಕನ್ನಡ ಯಾವುದೂ ನನ್ನದಲ್ಲ. ಆದರೂ ಗಲ್ಲೆಯ ಮುಂದೆ ನಿಂತು ‘ಎಷ್ಟಾತ್ರಿ?’ ಅಂತ ಕೇಳಿದಾಗ, ‘ಧಾರವಾಡವಾ?’ ಅಂತ ತಿರುಗಿ ಕೇಳುತ್ತಾರೆ. ಕೇಳಿದವರು ಮುಂದಿನ ಮಾತು ಪೇಡೆಯ ಬಗ್ಗೆಯೇ ಆಡುತ್ತಾರೆ. ಹದಿನಾಲ್ಕು ವರ್ಷದಲ್ಲಿ ಧಾರವಾಡ ಅಂದ ಕೂಡಲೇ ಪೇಡೆ ಬಿಟ್ಟು ಬೇರೆ ಮಾತೆತ್ತಿದವರು ನನಗೆ ಸಿಕ್ಕಿಲ್ಲ.

ಪುಣೆಯ ವಿಷಯ ಬೇರೆ. ಚಾಕಣದಲ್ಲಿ ಕೆಲಸವಿದ್ದಾಗ ಸಂಜೆ ಪುಣೆ ಪೇಟೆಗೆ ಹೋಗಿಬರುತ್ತೇನೆ ಅನ್ನುವ ಆಸೆ ಬಿಟ್ಟುಬಿಡಿ. ಇರುವುದು ಮೂವತ್ತು ಕಿಲೋಮೀಟರ್, ಕಾರ್ಖಾನೆಗಳು ಬಿಡುವ ಹೊತ್ತಿನ ಲಾರಿಗಳ ನಡುವೆ ಅದು ಮುನ್ನೂರಾಗುತ್ತದೆ. ಅಲ್ಲೇ ಆಸುಪಾಸಿನಲ್ಲಿ ಭಾಕರಿ ಬಡಿಯುವ ಖಾನಾವಳಿ ಹುಡುಕಿ. ಭಾಕರಿ ಅಂದರೆ ನಮ್ಮ ಜೋಳದ ರೊಟ್ಟಿಯೇ, ಪಿಠ್ಲ ಅಂದರೆ ನಮ್ಮ ಝುಣಕದ ತಂಗಿ, ಠೇಚಾ ಕುಟ್ಟಿದ ಹಸಿಮೆಣಸಿನಕಾಯಿ ಚಟ್ನಿ. ಉತ್ತರ ಕರ್ನಾಟಕದವರಿಗೆ ಪುಣೆ ಜಿಲ್ಲೆಯಲ್ಲಿ ಊಟದ ಕಾರಣಕ್ಕೆ ಮನೆ ನೆನಪಾಗಬೇಕಾದ ಪ್ರಸಂಗವೇ ಇಲ್ಲ. ವಿಜಯಪುರದ ಹುಡುಗಿಗೆ ಮೊದಲು ಹೇಳಿದ್ದು ಇದನ್ನೇ: “ಮೊದಲ ಹೋಗಿ ಭಾಕರಿ ತಿನ್ನು, ಆಮ್ಯಾಲ ಅಳು.”

ಪೇಟೆಯಲ್ಲೇ ಕೆಲಸವಿದ್ದರೆ ಫರ್ಗ್ಯುಸನ್ ರಸ್ತೆಯ ವೈಶಾಲಿ. ಉಡುಪಿ ಕಡೆಯಿಂದ ಬಂದ ಜಗನ್ನಾಥ ಶೆಟ್ಟರು ಕಟ್ಟಿದ್ದು. ಕಾಲೇಜು ಹುಡುಗರ ಗದ್ದಲದಲ್ಲಿ ಒಬ್ಬಳೇ ಕೂತು ಕಾಫಿ ಕುಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಒಬ್ಬಳೇ ಕೂರುವ ಹೆಂಗಸಿಗೆ ಅದು ದೊಡ್ಡ ಉಪಕಾರ. ಇನ್ನು ಡಿಸೆಂಬರಿನಲ್ಲಿ ಪುಣೆಯ ಬ್ಯಾಚು ಸಿಕ್ಕರೆ ಸವಾಯಿ ಗಂಧರ್ವ ಮಹೋತ್ಸವದ ದಿನಾಂಕ ನೋಡಿ ಒಪ್ಪಿಕೊಳ್ಳುತ್ತೇನೆ. ಕುಂದಗೋಳದ ಗುರುವಿನ ಹೆಸರಿನಲ್ಲಿ ಗದಗಿನ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಸಂಗೀತ ಉತ್ಸವ. ಆ ಮನುಷ್ಯ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆಯಿಂದಲೇ ಓಡಿಹೋಗಿದ್ದರು. ನಾನು ಟಿಕೆಟ್ ತೆಗೆಸಿ, ಹೋಟೆಲ್ ಬುಕ್ ಮಾಡಿ, ಮೂರು ದಿನಕ್ಕೆ ಹೋಗಿ ಕಣ್ಣೀರು ಹಾಕುತ್ತೇನೆ. ಪಂದಲಿನಲ್ಲಿ ಕೂತಾಗ ಇದು ನೆನಪಾಗಿ ನನ್ನ ಮೇಲೆ ನನಗೇ ನಗು ಬರುತ್ತದೆ.

ಫೋನು

ಎಲ್ಲರೂ ಹೇಳುವುದು ಒಂದೇ: ದಿನಾ ವಿಡಿಯೋ ಕಾಲ್ ಮಾಡಿ. ಮಾಡಿ, ಆದರೆ ಏಳರಿಂದ ಎಂಟೂವರೆಯ ನಡುವೆ ಬೇಡ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಇವರು ಲೋಕಲ್ಲಿನಿಂದ ಆಗ ತಾನೇ ಇಳಿದಿರುತ್ತಾರೆ, ಮಗಳು ಟ್ಯೂಷನ್ನಿನಿಂದ ಬಂದು ಹಸಿದಿರುತ್ತಾಳೆ. ನಿಮಗೆ ಮನೆ ಬೇಕಾದ ಹೊತ್ತಿಗೇ ಮನೆಗೆ ನೀವು ಬೇಕಾಗಿರುವುದಿಲ್ಲ. ಆಗ ಕರೆ ಮಾಡಿದರೆ ‘ಹ್ಞಾಂ, ಹೇಳು, ಊಟಾತ?’ ಅಂತ ಮೂರು ಮಾತು. ಫೋನ್ ಇಟ್ಟ ಮೇಲೆ ಮೊದಲಿಗಿಂತ ಹೆಚ್ಚು ಸಂಕಟ.

ನಾನು ಒಂಬತ್ತೂಕಾಲಿಗೆ ಮಾಡುತ್ತೇನೆ. ‘ಊಟ ಆಯಿತಾ’ ಕೇಳುವುದಿಲ್ಲ, ಅದಕ್ಕೆ ಉತ್ತರ ಒಂದೇ. ಅತ್ತೆಗೆ ‘ಇವತ್ತ ಪಲ್ಯಾ ಏನ್ ತಂದ್ರಿ, ಹೆಂಗ ಕೊಟ್ಟ’ ಅಂತ ಕೇಳಬೇಕು. ಡೊಂಬಿವಲಿ ಮಾರ್ಕೆಟ್ಟಿನ ಮೆಂತ್ಯಪಲ್ಲೆಯ ದರ, ಕೊತ್ತಂಬರಿ ಪುಕ್ಕಟೆ ಕೊಡದೆ ಹೋದ ಭಾಜಿಯವನು, ಕೆಳಗಿನ ಮನೆಯವರ ನೀರಿನ ಜಗಳ, ಎಲ್ಲ ಹೊರಬರುತ್ತದೆ. ಮಗಳಿಗೆ ಪ್ರಶ್ನೆಯನ್ನೇ ಹಾಕಬಾರದು. ನನ್ನ ದಿನದಲ್ಲಾದ ಒಂದು ಫಜೀತಿ ಹೇಳುತ್ತೇನೆ: ಸ್ಲೈಡು ತಲೆಕೆಳಗಾದದ್ದು, ನಡುವಯಸ್ಸಿನ ಫೋರ್‌ಮನ್ ಒಬ್ಬರು ಆಟದಲ್ಲಿ ಬಲೂನು ಒಡೆದು ಬೆಚ್ಚಿಬಿದ್ದದ್ದು. ಆಮೇಲೆ ಅವಳದ್ದು ತಾನಾಗಿ ಬರುತ್ತದೆ.

ಇದಕ್ಕಿಂತ ದೊಡ್ಡ ಉಪಾಯ ಒಂದಿದೆ. ಮನೆಯ ಒಂದು ಕೆಲಸ ಪೂರ್ತಿ ನಿಮ್ಮದಾಗಿರಲಿ, ಎಲ್ಲಿದ್ದರೂ ನೀವೇ ಮಾಡುವಂಥದ್ದು. ನಮ್ಮ ಮನೆಯ ಗ್ಯಾಸ್ ಸಿಲಿಂಡರ್, ಹಾಲಿನ ಬಿಲ್ಲು, ತಿಂಗಳ ರೇಷನ್ ಯಾದಿ, ಅತ್ತೆಯ ಬಿಪಿ ಮಾತ್ರೆ ನನ್ನ ಪಾಲು. ಪುಣೆಯ ಹೋಟೆಲಿನಲ್ಲಿ ಕೂತು ತೊಗರಿಬೇಳೆ ಎರಡು ಕಿಲೋ ಸಾಕೋ ಮೂರು ಬೇಕೋ ಅಂತ ಇವರ ಜೊತೆ ವಾದ ಮಾಡುವಾಗ ನಾನು ಮನೆಯಲ್ಲೇ ಇರುತ್ತೇನೆ. ಮುಖ ನೋಡುವ ಕರೆಯಲ್ಲಿ ಅಷ್ಟು ಇರುವುದಿಲ್ಲ.

ಪುಣೆಗೆ ಹೋಗುವಾಗಿನ ನನ್ನ ಒಂದು ರೂಢಿ ಸೇರಿಸುತ್ತೇನೆ. ಗಾಡಿ ಕರ್ಜತ್‌ನಲ್ಲಿ ನಿಂತು, ಘಾಟ್ ಏರಲಿಕ್ಕೆ ಹಿಂದಿನಿಂದ ಎಂಜಿನ್ ಜೋಡಿಸಿಕೊಳ್ಳುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ವಡಾಪಾವ್ ಕೂಗುತ್ತಿರುತ್ತಾರೆ. ಆ ಕೆಲವು ನಿಮಿಷದಲ್ಲಿ ಮನೆಗೆ ಒಂದು ಫೋನ್; ಮುಂದೆ ಸುರಂಗಗಳಲ್ಲಿ ಹೇಗೂ ಸಿಗ್ನಲ್ ಹೋಗುತ್ತದೆ. ಮಾತು ತಾನಾಗಿ ಕಡಿಯುವುದರಿಂದ ‘ಇಡಲಾ’, ‘ಇಡು’ ಅನ್ನುವ ಎಳೆದಾಟವಿಲ್ಲ.

ಚೀಲದಲ್ಲಿ ಏನಿರಬೇಕು

ಮಾರ್ಕರ್, ಕ್ಲಿಕ್ಕರ್, ಎಲ್ಲ ಬಗೆಯ ಅಡಾಪ್ಟರ್ ನಿಮಗೆ ಗೊತ್ತಿರುವುದೇ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕಬಾರದು. ನಾನು ಹೇಳಬೇಕಾಗಿರುವುದು ತಿನ್ನುವ ಪದಾರ್ಥದ ವಿಷಯ.

ಮೊದಮೊದಲು ಮನೆಯನ್ನೇ ಕಟ್ಟಿಕೊಂಡು ಹೋಗುತ್ತಿದ್ದೆ. ಅತ್ತೆ ಕೊಟ್ಟ ಮಾವಿನ ಉಪ್ಪಿನಕಾಯಿ ಬಾಟಲಿ ಒಂದು ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಉಳಿಯಿತು. ಬುಟ್ಟಿಗೆ ಹಾಕಿದ ಹುಡುಗಿಯ ಮುಖದಲ್ಲೂ ಪಾಪ ಅನ್ನಿಸಿದ್ದು ಕಂಡಿತು. ಅಂದಿನಿಂದ ಎಣ್ಣೆಯದ್ದು ಬಂದ್. ಈಗ ಮೂರೇ ಡಬ್ಬಿ. ಒಂದರಲ್ಲಿ ಶೇಂಗಾ ಚಟ್ನಿಪುಡಿ. ಇನ್ನೊಂದರಲ್ಲಿ ಮೆಂತ್ಯದ ಹಿಟ್ಟು. ಮರಾಠಿಯವರು ಮೆತ್‌ಕೂಟ ಅನ್ನುತ್ತಾರಲ್ಲ, ಅದರ ಅಕ್ಕ. ಯಾವ ಹೋಟೆಲಿನಲ್ಲೂ ಬರೀ ಅನ್ನ, ಬರೀ ಮೊಸರು ಸಿಗುತ್ತದೆ. ಎರಡು ಚಮಚ ಈ ಹಿಟ್ಟು ಕಲಸಿದರೆ ಧಾರವಾಡದ ಊಟ. ಮೂರನೆಯದರಲ್ಲಿ ತೆಳು ಅವಲಕ್ಕಿ, ಮಸಾಲೆಪುಡಿ ಬೇರೆ ಪೊಟ್ಟಣದಲ್ಲಿ. ಹಚ್ಚಿದ ಅವಲಕ್ಕಿಗೆ ಒಲೆ ಬೇಡ, ಕೆಟಲೂ ಬೇಡ. ದಯವಿಟ್ಟು ಹೋಟೆಲಿನ ಕೆಟಲಿನಲ್ಲಿ ನೂಡಲ್ಸ್ ಬೇಯಿಸಬೇಡಿ, ನಿಮ್ಮ ನಂತರ ಬಿಸಿನೀರು ಕುಡಿಯಬೇಕಾದವರು ಇನ್ನೊಬ್ಬ ಟ್ರೇನರ್ ಇರಬಹುದು.

ರೈಲಿನಲ್ಲಿ ಹೋಗುವುದಾದರೆ ಕಟಕ ರೊಟ್ಟಿ. ಅರಿವೆಯಲ್ಲಿ ಸುತ್ತಿ, ಅಗಲವಾದ ಸ್ಟೀಲ್ ಡಬ್ಬಿಯಲ್ಲಿಟ್ಟರೆ ವಾರವಲ್ಲ, ಹದಿನೈದು ದಿನಕ್ಕೂ ಏನೂ ಆಗುವುದಿಲ್ಲ. ಮುರಿದರೆ ಬೇಸರವಿಲ್ಲ, ಹೇಗೂ ಮುರಿದೇ ತಿನ್ನಬೇಕು.

ರಾತ್ರಿಗಳನ್ನು ಎಣಿಸಿ

ಫ್ರೀಲಾನ್ಸ್ ಮಾಡುವವರು ದಿನದ ದರ ಹೇಳುತ್ತಾರೆ. ನಾನು ರಾತ್ರಿಯ ಲೆಕ್ಕ ಇಡುತ್ತೇನೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೊರಗೆ ಮಲಗುವ ಪ್ರತಿ ರಾತ್ರಿಗೂ ಕೆಂಪು ಚುಕ್ಕೆ. ತಿಂಗಳಿಗೆ ಹತ್ತು ಮೀರಬಾರದು ಅನ್ನುವುದು ಮನೆಯಲ್ಲಿ ಕೂತು ಮಾಡಿಕೊಂಡ ಒಪ್ಪಂದ. ಬೆಳಗ್ಗೆ ಒಂಬತ್ತೂವರೆಗೆ ಚಾಕಣದಲ್ಲಿ ಸೆಷನ್ ಅಂದರೆ ಹಿಂದಿನ ರಾತ್ರಿಯೇ ಹೋಗಬೇಕು. ಎರಡು ದಿನದ ಕೆಲಸಕ್ಕೆ ಎರಡು ರಾತ್ರಿ, ಒಮ್ಮೊಮ್ಮೆ ಮೂರು. ಇದನ್ನು ಕಂಪನಿಯವರು ಎಣಿಸುವುದಿಲ್ಲ, ನೀವೇ ಎಣಿಸಿ ಪ್ರಯಾಣದ ದಿನಕ್ಕೆ ಅರ್ಧ ಫೀಸು ಕೇಳಿ. ನಾನು ಕೇಳಲು ಶುರು ಮಾಡಿದಾಗ ಇಬ್ಬರು ಬಿಟ್ಟುಹೋದರು. ಉಳಿದವರು ಸೆಷನ್ನನ್ನು ಹತ್ತೂವರೆಗೆ ಇಡಲು ಕಲಿತರು.

ಜನವರಿಯಿಂದ ಮಾರ್ಚ್ ನಮಗೆ ಸುಗ್ಗಿ. ಮಾರ್ಚ್ 31ರೊಳಗೆ ತರಬೇತಿಯ ಬಜೆಟ್ ಖರ್ಚು ಮಾಡಬೇಕೆಂದು ಎಲ್ಲ ಎಚ್‌ಆರ್‌ಗಳಿಗೂ ಒಮ್ಮೆಲೇ ಎಚ್ಚರವಾಗುತ್ತದೆ. ಮಕ್ಕಳ ಪರೀಕ್ಷೆಯೂ ಆಗಲೇ. ಮಗಳ ಹತ್ತನೆಯ ತರಗತಿಯ ಗಣಿತದ ಪರೀಕ್ಷೆಯ ದಿನ ನಾನು ಬೇರೆ ಊರಿನ ಬೋರ್ಡ್‌ರೂಮಿನಲ್ಲಿ ಸಮಯ ನಿರ್ವಹಣೆ ಕಲಿಸುತ್ತಿದ್ದೆ. ಅವಳು ಈಗಲೂ ನೆನಪಿಸಿಕೊಂಡು ನಗುತ್ತಾಳೆ. ನನಗಿನ್ನೂ ನಗು ಬಂದಿಲ್ಲ. ಆದ್ದರಿಂದ ಹೊಸ ಕ್ಯಾಲೆಂಡರ್ ಬಂದ ದಿನವೇ ಮೊದಲು ಪರೀಕ್ಷೆ, ಪಂಚಮಿ, ಚೌತಿ, ದೀಪಾವಳಿಗೆ ಗೀಟು ಹಾಕಿ. ಉಳಿದ ದಿನ ಮಾತ್ರ ಮಾರಾಟಕ್ಕೆ.

ರಾತ್ರಿ ಹೆಚ್ಚಾಗುವುದಕ್ಕೆ ದುಡ್ಡೂ ಕಾರಣ. ಹಳೆಯ ಬಿಲ್ಲು ಬಾರದಿದ್ದರೆ ಹೆದರಿ ಇನ್ನೊಂದು ಬ್ಯಾಚು ಒಪ್ಪಿಕೊಳ್ಳುತ್ತೀರಿ, ಅದರ ಬಿಲ್ಲೂ ಬಾಕಿ. ಸಣ್ಣ ಉದ್ಯಮವೆಂದು ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ. ಸೂಕ್ಷ್ಮ, ಸಣ್ಣ ಉದ್ಯಮದವರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಇದೆ. ಬಿಲ್ಲಿನ ಕೆಳಗೆ ಆ ಒಂದು ಸಾಲು ಬರೆದರೆ ಅಕೌಂಟ್ಸಿನವರ ದನಿ ಬದಲಾಗುತ್ತದೆ. ಇನ್ನೊಂದು, ಮಹಾರಾಷ್ಟ್ರದಲ್ಲಿ ಜಿಎಸ್‌ಟಿ ನೋಂದಣಿ ಇರುವವರಿಗೆ ಗೋವಾದ ಹೋಟೆಲಿನ ಬಿಲ್ಲಿನ ತೆರಿಗೆ ವಾಪಸ್ ಹೊಂದಿಸಿಕೊಳ್ಳಲು ಬರುವುದಿಲ್ಲ. ಹೋಟೆಲನ್ನು ಕಂಪನಿಯವರೇ ಬುಕ್ ಮಾಡಲಿ, ಊರಿನ ಯಾವ ಮಗ್ಗುಲಲ್ಲಿ ಬೇಕು ಅಂತ ಮಾತ್ರ ನೀವು ಹೇಳಿ.

ಟಿಕೆಟಿನ ವಿಷಯ ಬೇಗ ಮುಗಿಸುತ್ತೇನೆ. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಮೊದಲಿನ 120 ಇಲ್ಲ. ತತ್ಕಾಲ್ ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರಿಗೆ 11ಕ್ಕೆ. ಎರಡೂ ನಿಮ್ಮ ಸೆಷನ್ ನಡುವೆಯೇ ಬರುತ್ತವೆ, ಮನೆಯವರಿಗೆ ಒಪ್ಪಿಸಿ. ಹೋಗುವ ಟಿಕೆಟಿಗಿಂತ ಮೊದಲು ಬರುವ ಟಿಕೆಟ್ ತೆಗೆಯಿರಿ.

ಗೋವಾ, ಮತ್ತು ಎರಡು ಮನೆಗಳ ಪೇಚು

ಗೋವಾ ಅಂದರೆ ಎಲ್ಲರಿಗೂ ಹೊಟ್ಟೆಕಿಚ್ಚು. ವೆರ್ಣಾದ ಕೈಗಾರಿಕಾ ವಸಾಹತಿನಲ್ಲಿ ಸಮುದ್ರ ಕಾಣುವುದಿಲ್ಲ ಅಂದರೆ ಅವರು ನಂಬುವುದಿಲ್ಲ. ಮೊದಲು ಒಂದು ಎಚ್ಚರಿಕೆ: ಗೋವಾಕ್ಕೆ ಈಗ ಎರಡು ವಿಮಾನ ನಿಲ್ದಾಣ. ದಕ್ಷಿಣದಲ್ಲಿ ಹಳೆಯ ದಾಬೋಲಿಂ, ಉತ್ತರದ ತುದಿಯಲ್ಲಿ 2023ರ ಜನವರಿಯಿಂದ ವಿಮಾನ ಇಳಿಯುತ್ತಿರುವ ಮೋಪಾ. ವೆರ್ಣಾಕ್ಕೆ ದಾಬೋಲಿಂ ಹತ್ತಿರ. ಅಗ್ಗವೆಂದು ಮೋಪಾದಲ್ಲಿ ಇಳಿದು, ಇಡೀ ಗೋವಾ ದಾಟುವ ಟ್ಯಾಕ್ಸಿಗೆ ತೆತ್ತ ದುಡ್ಡಿನಲ್ಲಿ ಇನ್ನೊಂದು ಟಿಕೆಟ್ ಬರುತ್ತಿತ್ತು.

ಗೋವಾದಲ್ಲಿ ಕನ್ನಡ ಹುಡುಕಬೇಕಾಗಿಲ್ಲ. ವಾಸ್ಕೋದ ಬೈನಾ, ಜುವಾರಿನಗರದ ಕಡೆ ನಮ್ಮ ಜನ ತುಂಬಿದ್ದಾರೆ. ಮಾರುಕಟ್ಟೆಯ ಕಾಯಿಪಲ್ಯ ಬೆಳಗಾವಿಯಿಂದ ಬರುತ್ತದೆ, ಮಾರುವವರಲ್ಲಿ ಎಷ್ಟೋ ಜನರ ಮಾತು ನಮ್ಮದೇ. ಸರ್ಕಾರಿ ಬಸ್ಸಿನ ಹೆಸರೇ ಕದಂಬ. ಅದೊಂದು ದೊಡ್ಡ ಅಕ್ಷರದಲ್ಲಿ ಬರೆದ ಬಸ್ಸು ಎದುರು ಬಂದಾಗ, ಬನವಾಸಿಯ ಮನೆತನದವರ ಗಾಡಿ ಅಂತ ನನಗೆ ಸುಮ್ಮನೆ ಒಂದು ಸಲಿಗೆ.

ಪಣಜಿಯಲ್ಲಿ ನನ್ನ ಸಂಜೆಯ ಜಾಗ ಬೀಚಲ್ಲ, ಬಸ್‌ಸ್ಟ್ಯಾಂಡು. ಹುಬ್ಬಳ್ಳಿ, ಬೆಳಗಾವಿ ಬೋರ್ಡಿನ ವಾಯವ್ಯ ಕರ್ನಾಟಕ ಸಾರಿಗೆ ಬಸ್ಸುಗಳು ನಿಂತಿರುತ್ತವೆ. ಚಹಾ ಹಿಡಿದು ಬೋರ್ಡು ಓದುತ್ತ ನಿಲ್ಲುತ್ತೇನೆ. ಕಂಡಕ್ಟರು ‘ಯಾರ್ರೀ ಹುಬ್ಳಿ, ಹುಬ್ಳಿ’ ಅಂತ ಕೂಗುವ ದನಿ ಕೇಳಿದರೆ ಸಾಕು.

ಪೇಚು ಇರುವುದು ಅಲ್ಲೇ. ಪಣಜಿಯಿಂದ ಧಾರವಾಡ ಸುಮಾರು 160 ಕಿಲೋಮೀಟರ್. ಡೊಂಬಿವಲಿ ಐನೂರಕ್ಕೂ ಹೆಚ್ಚು. ಶುಕ್ರವಾರ ಸಂಜೆ ಕೆಲಸ ಮುಗಿದಾಗ ಅವ್ವ ಹತ್ತಿರ, ಮಗಳು ದೂರ. ಎಷ್ಟೋ ವರ್ಷ ನಾನು ಯೋಚಿಸದೆ ಮಡಗಾಂವ್‌ಗೆ ಹೋಗಿ ಕೊಂಕಣಕನ್ಯಾ ರೈಲು ಹಿಡಿದು, ಬೆಳಗ್ಗೆ ಠಾಣೆಯಲ್ಲಿ ಇಳಿದು ಲೋಕಲ್ ಹತ್ತುತ್ತಿದ್ದೆ. ಒಮ್ಮೆ ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದವಳು ಕಪ್ಪು ಎಸೆದು ಬಸ್ಸು ಹತ್ತಿಬಿಟ್ಟೆ. ಧಾರವಾಡ ಮುಟ್ಟಿದಾಗ ಹನ್ನೊಂದು ದಾಟಿತ್ತು. ಬಾಗಿಲು ತೆರೆದ ಅವ್ವ ‘ಯಾಕ ಬಂದಿ’ ಅನ್ನಲಿಲ್ಲ. “ಎಷ್ಟೊತ್ತು ಇರ್ತಿ?” ಅಂದಳು. ಮಜ್ಜಿಗೆ ಅನ್ನ, ಸುಟ್ಟ ಹಪ್ಪಳ ಹಾಕಿ, “ಮೊದಲ ಒಂದ್ ಮಾತು ಹೇಳಿದ್ರ ಏನರೆ ಮಾಡ್ತಿದ್ನೆಲ್ಲ ಯವ್ವಾ” ಅಂತ ನಾನು ಉಣ್ಣುವ ತನಕವೂ ಅಂದಳು.

ಮರುದಿನ ಮಧ್ಯಾಹ್ನ ಮಗಳ ಫೋನು: “ಆಯೀ, ಇವತ್ತ ಬರ್ತೀನಿ ಅಂದಿದ್ದಿ.” ಎರಡೂ ಕಡೆ ತಪ್ಪಿತಸ್ಥೆಯಾದೆ. ಅಂದಿನಿಂದ ಒಂದು ಕಟ್ಟಳೆ. ವರ್ಷಕ್ಕೆ ಎರಡು ಗೋವಾ ಬ್ಯಾಚಿನ ಕೊನೆಗೆ ಎರಡು ದಿನ ಧಾರವಾಡ, ಕ್ಯಾಲೆಂಡರಿನಲ್ಲಿ ಹಸಿರು ಚುಕ್ಕೆ ಹಾಕಿ, ಅವ್ವನಿಗೂ ಮಗಳಿಗೂ ಮುಂಚೆಯೇ ಹೇಳಿ. ಉಳಿದ ಸಲ ನೇರ ಡೊಂಬಿವಲಿ. ನಿಮ್ಮ ತವರೂ ಹೀಗೆ ದಾರಿಯ ಮಗ್ಗುಲಲ್ಲಿದ್ದರೆ ಗುಟ್ಟಾಗಿ ಹೋಗಿಬರಬೇಡಿ. ಲೆಕ್ಕದಲ್ಲಿ ಬರೆದು ಹೋಗಿ.

ಮನೆಗೆ ಬಂದ ಮೇಲೆ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಾಲ್ಕು ದಿನ ಯಾವ ಮನೆಯನ್ನು ನೆನೆದು ಗಂಟಲುಬ್ಬಿತ್ತೋ ಆ ಮನೆಗೆ ಕಾಲಿಟ್ಟ ಹತ್ತೇ ನಿಮಿಷಕ್ಕೆ ಜಗಳ. ಸಾಸಿವೆ ಡಬ್ಬಿ ಜಾಗ ಬದಲಾಗಿರುತ್ತದೆ, ಬಾಲ್ಕನಿಯ ತುಳಸಿ ಬಾಡಿರುತ್ತದೆ, ನಿಮ್ಮ ಕುರ್ಚಿಯ ಮೇಲೆ ಇಸ್ತ್ರಿ ಬಟ್ಟೆಯ ಗುಡ್ಡೆ. ನೀವಿಲ್ಲದೆ ಮನೆ ನಡೆದಿದೆ ಅನ್ನುವುದೇ ಮೊದಲ ಸಿಟ್ಟು. ಮೊದಲ ದಿನ ಯಾವ ಡಬ್ಬಿಯನ್ನೂ ಸರಿಸಬೇಡಿ. ಸಾಸಿವೆ ಎಲ್ಲಿದೆ ಅಂತ ಕೇಳಿ ತಗೊಳ್ಳಿ. ತುಳಸಿಗೆ ಮಾತ್ರ ನೀರು ಹಾಕಿ.

ಎರಡನೆಯದು ನಮ್ಮ ಕಸುಬಿನ ರೋಗ. ಒಂದು ಭಾನುವಾರ ಚಹಾಕ್ಕೆ ಎಲ್ಲರನ್ನೂ ಕೂರಿಸಿಕೊಂಡು, ‘ಈ ವಾರ ಛಲೋ ಆದದ್ದು ಎರಡು, ಇನ್ನೂ ಛಲೋ ಮಾಡಬಹುದಾದದ್ದು ಒಂದು, ಒಬ್ಬೊಬ್ಬರಾಗಿ ಹೇಳ್ರಿ’ ಅಂದೆ. ಇವರು ಕಪ್ಪು ಕೆಳಗಿಟ್ಟು, “ನಾವೇನು ನಿನ್ನ ಬ್ಯಾಚ್ ಅಲ್ಲ ನೋಡು” ಅಂದರು. ಮಗಳು ಇನ್ನೂ ಮುಂದೆ ಹೋದಳು. ತರಬೇತಿಯನ್ನು ಅಳೆಯಲು ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದ ನಾಲ್ಕು ಹಂತಗಳಿವೆಯಲ್ಲ, ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ; ನಾನು ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಕೇಳಿ ಕೇಳಿ ಅವಳಿಗೂ ಬಾಯಿಪಾಠ. “ಆಯಿ, ಮೊದಲನೇ ಹಂತದಾಗs ಫೇಲ್” ಅಂದಳು. ಅತ್ತೆಗೆ ಮಾತು ತಿಳಿಯಲಿಲ್ಲ, ಆದರೂ ಎಲ್ಲರಿಗಿಂತ ಜಾಸ್ತಿ ನಕ್ಕರು.

ಈಗ ಬಂದ ದಿನ ಸಂಜೆ ನಾನು ಮಾತು ಕಡಿಮೆ ಮಾಡುತ್ತೇನೆ. ಗಂಟಲಿಗೂ ಒಳ್ಳೆಯದು. ಒಗೆಯುವ ಬಟ್ಟೆ ಮಷಿನ್ನಿಗೆ ಹಾಕಿ, ಅತ್ತೆಯ ಪಕ್ಕ ಕೂತು ಮೆಂತ್ಯಪಲ್ಲೆ ಬಿಡಿಸುತ್ತೇನೆ. ಆಗ ಅವರೇ ಹೇಳುತ್ತ ಹೋಗುತ್ತಾರೆ.

ಬರುವ ಸೋಮವಾರದಿಂದ ವೆರ್ಣಾದಲ್ಲಿ ಮೂರು ದಿನ. ಬ್ಯಾಚು ದೊಡ್ಡದು, ಅದಕ್ಕೆ ವಿಜಯಪುರದ ಹುಡುಗಿಯನ್ನೂ ಜೊತೆಗೆ ಕರೆದಿದ್ದೇನೆ. ಅವಳು ಪುಣೆಯಿಂದ ಬರುತ್ತಾಳೆ. ಅತ್ತೆ ಅರಿವೆ ಹಾಸಿ ಕಟಕ ರೊಟ್ಟಿ ಎಣಿಸುತ್ತಿದ್ದರು. “ನಾಲ್ಕು ಸಾಕ್ರಿ” ಅಂದೆ. ಆರು ಇಟ್ಟು ಡಬ್ಬಿ ಮುಚ್ಚಿದರು. “ಎರಡು ಅಕಿಗೆ” ಅಂದರು.